ಯುವಕ ಮಂಡಲವನ್ನು ನಡೆಸುವುದು, ಬೆಳೆಸುವುದು

(ಸಂಘದ ರಜತ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಯುವ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಾರ್ಯದರ್ಶಿಗಳು ನನ್ನ ಮನೆಗೆ ಬಂದು, "ಮಾಷ್ಟ್ರೆ, ಬೆಳ್ಳಿಹಬ್ಬದಲ್ಲಿ ಯುವಕರಿಗೆ ನಾಲ್ಕು ಮಾತು ಹೇಳಬೇಕು" ಎಂದರು. ನಾನು ಹೇಳಿದೆ, "ಯುವಕರಿಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಯುವಕರನ್ನು ನಡೆಸುವ ನಮ್ಮಂಥವರಿಗೆ ಹೇಳುವವರು ಇಲ್ಲ. ಆ ವಿಷಯವಾದರೆ ಮಾತಾಡ್ತೇನೆ." ಅವರು ಒಪ್ಪಿದರು. ಆದ್ದರಿಂದ ಇವತ್ತಿನ ನನ್ನ ಮಾತು ಹೆಚ್ಚಾಗಿ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತವರಿಗೆ. ಹಿಂದೆ ನಿಂತಿರುವ ಹುಡುಗರು ಕೇಳಿಸಿಕೊಂಡರೆ ಅವರಿಗೂ ಮುಂದೆ ಉಪಯೋಗಕ್ಕೆ ಬಂದೀತು.

ಒಂದು ಮಾತು ಮೊದಲೇ ಹೇಳುತ್ತೇನೆ, ಯಾರೂ ಬೇಸರ ಮಾಡಿಕೊಳ್ಳಬಾರದು. ಕಳೆದ ಮಹಾಸಭೆಗೆ ನಾನೂ ಬಂದಿದ್ದೆ. ಕೂತಲ್ಲಿಂದಲೇ ಒಮ್ಮೆ ಸುತ್ತ ನೋಡಿದೆ. ಸಭೆಯಲ್ಲಿ ಇದ್ದ ತಲೆಗಳಲ್ಲಿ ಹೆಚ್ಚಿನವು ನನ್ನ ತಲೆಯ ಹಾಗೆಯೇ ಬೆಳ್ಳಗೆ ಇದ್ದವು. ಸಂಘಕ್ಕೆ ಇಪ್ಪತ್ತೈದು ತುಂಬಿತು, ಸಂತೋಷ. ಆದರೆ ಐವತ್ತು ತುಂಬುವಾಗ ಈ ವೇದಿಕೆಯಲ್ಲಿ ಯಾರು ಕೂತಿರುತ್ತಾರೆ? ಅವರನ್ನು ನಾವು ಈಗಲೇ ತಯಾರು ಮಾಡ್ತಾ ಇದ್ದೇವೆಯೇ? ನನ್ನನ್ನು ಈ ಪ್ರಶ್ನೆ ಕಾಡುವುದಕ್ಕೆ ಕಾರಣ ಉಂಟು. ನಾನೇ ಒಂದು ಯುವಕ ಮಂಡಲವನ್ನು ಎರಡು ಸಲ ಹಾಳು ಮಾಡಿದವನು. ಆ ಕಥೆಯನ್ನೇ ಇವತ್ತು ಹೇಳುತ್ತೇನೆ.

ನಾನು ಈ ಊರಿನ ಶಾಲೆಗೆ ಬಂದ ಹೊಸದು. ಹುಡುಗರನ್ನು ಸೇರಿಸಿ ಒಂದು ಯುವಕ ಮಂಡಲ ಮಾಡಿದೆವು. ಹದಿನಾಲ್ಕು ಜನ. ಮೊದಲ ಕೆಲಸ ಏನು ಎಂದು ಯೋಚಿಸಿದಾಗ ಹೊಳೆದದ್ದು ಕಟ್ಟ. ನಮ್ಮ ಕಡೆಯವರಿಗೆ ಕಟ್ಟ ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆ ನಿಂತು ತೋಡಿನ ನೀರಿನ ಸೆಳೆತ ಕಡಿಮೆಯಾದ ಮೇಲೆ, ಡಿಸೆಂಬರ್ ಹೊತ್ತಿಗೆ ಕಲ್ಲು, ಮಣ್ಣು, ಅಡಿಕೆ ಮರದ ಸಲಾಕೆ, ಸೊಪ್ಪು ಹಾಕಿ ತೋಡಿಗೆ ಅಡ್ಡ ಕಟ್ಟುವುದು. ಮಳೆ ಬರುವ ಮೊದಲು ಬಿಡಿಸುವುದು. ಅಜ್ಜಂದಿರ ಕಾಲದಲ್ಲಿ ತೋಟದವರೆಲ್ಲ ಸೇರಿ ಕಟ್ಟುತ್ತಿದ್ದರು. ಕಟ್ಟ ನಿಂತರೆ ಎರಡೂ ಬದಿಯ ಬಾವಿಗಳಲ್ಲಿ ನೀರು ಏರುತ್ತದೆ, ಏಪ್ರಿಲ್ ತಿಂಗಳಲ್ಲೂ ತೋಟ ಹಸಿರಾಗಿರುತ್ತದೆ, ದನಕ್ಕೆ ಹಸಿಹುಲ್ಲು ಸಿಗುತ್ತದೆ. ಕಾಸರಗೋಡಿನ ಏತಡ್ಕದಂಥ ಊರುಗಳಲ್ಲಿ ಈ ಪದ್ಧತಿ ಬಿಡದೆ ನಡೆದು ಬಂದಿದೆ. ನಮ್ಮಲ್ಲಿ ಪಂಪು ಬಂದ ಮೇಲೆ ನಿಂತುಹೋಗಿತ್ತು. ಅದನ್ನು ಮತ್ತೆ ಶುರು ಮಾಡೋಣ ಎಂದು ಹೊರಟೆವು.

ಮೊದಲ ವರ್ಷ ನಾನೇ ಎಲ್ಲ. ಹಿರಿಯ ಕೃಷಿಕರೊಬ್ಬರಿಂದ ನಾನು ಕೇಳಿ ಕಲಿತೆ, ಹುಡುಗರಿಗೆ ಹೇಳಿದೆ. ಚೀಲಕ್ಕೆ ಮಣ್ಣು ಪೂರ್ತಿ ತುಂಬಿಸಬೇಡಿ, ಮುಕ್ಕಾಲು ತುಂಬಿಸಿ. ಆಗ ಚೀಲ ಒಂದರ ಮೇಲೊಂದು ಸರಿಯಾಗಿ ಕೂರುತ್ತದೆ. ಅಡಿ ಅಗಲ ಇರಲಿ, ಮೇಲೆ ಹೋದ ಹಾಗೆ ಕಿರಿದಾಗಲಿ. ಇಟ್ಟಿಗೆ ಇಡುವ ಹಾಗೆ ಸಂದಿಯ ಮೇಲೆ ಸಂದಿ ಬಾರದಂತೆ ಇಡಿ. ನೀನು ಇದು ಮಾಡು, ನೀನು ಅದು ಮಾಡು. ಹುಡುಗರು ಖುಷಿಯಿಂದ ಮಾಡಿದರು. ಎರಡು ಭಾನುವಾರದಲ್ಲಿ ಕಟ್ಟ ನಿಂತಿತು. ಊರಿಗೆ ಊರೇ ನೋಡಲು ಬಂತು. ನನಗೆ ಸ್ವಲ್ಪ ತಲೆಗೇರಿತು ಅಂತಲೇ ಹೇಳಬೇಕು.

ಎರಡನೆಯ ವರ್ಷವೂ ಹಾಗೆಯೇ, ಮೂರನೆಯ ವರ್ಷವೂ ಹಾಗೆಯೇ. ನಾಲ್ಕನೆಯ ವರ್ಷ ಕಟ್ಟ ಹಾಕುವ ದಿನ ನನಗೆ ಜ್ವರ. ಹೇಗೂ ಮೂರು ವರ್ಷ ಮಾಡಿದ ಹುಡುಗರು, ಮಾಡ್ತಾರೆ ಎಂದು ಮಲಗಿದೆ. ಸಂಜೆ ಎದ್ದು ಹೋಗಿ ನೋಡಿದರೆ ಹನ್ನೊಂದು ಹುಡುಗರು ತೋಡಿನ ದಡದಲ್ಲಿ ಕೂತಿದ್ದಾರೆ. ಒಂದು ಚೀಲವೂ ನೀರಿಗೆ ಇಳಿದಿಲ್ಲ. ನನಗೆ ಕೋಪ ಬಂತು, ಬಾಯಿಗೆ ಬಂದದ್ದು ಹೇಳಿದೆ. "ಇಷ್ಟು ವರ್ಷ ಕಲಿಸಿದ್ದು ದಂಡ" ಎಂದೆ. ಹುಡುಗರು ತಲೆ ತಗ್ಗಿಸಿ ಹೋದರು.

ವಾಪಸು ಬರುವಾಗ ಆ ಹಿರಿಯ ಕೃಷಿಕರು ದಾರಿಯಲ್ಲಿ ಸಿಕ್ಕಿದರು. ನಾನು ಹುಡುಗರ ಮೇಲೆ ದೂರು ಹೇಳಿದೆ. ಅವರು ವೀಳ್ಯ ಜಗಿಯುತ್ತಾ ಕೇಳಿ, ನಿಧಾನವಾಗಿ ಹೇಳಿದರು: "ಅಲ್ಲ ಮಾಷ್ಟ್ರೆ, ಅಳತೆಯ ಹಗ್ಗ ನಿಮ್ಮ ಮನೆಯಲ್ಲಿ. ಚೀಲ ಕೊಡುವ ಅಂಗಡಿಯವರ ಹತ್ತಿರ ಮಾತಾಡಿದ್ದು ನೀವು. ದುಡ್ಡಿನ ಪುಸ್ತಕ ನಿಮ್ಮ ಕಪಾಟಿನಲ್ಲಿ. ಮಕ್ಕಳು ಏನು ಮಾಡಿಯಾರು?"

ನನಗೆ ಉತ್ತರ ಇರಲಿಲ್ಲ. ಆ ಹುಡುಗರು ಮೂರು ವರ್ಷ ಮಣ್ಣು ಹೊತ್ತಿದ್ದರು ಅಷ್ಟೆ. ಎಲ್ಲಿ ಕಟ್ಟಬೇಕು, ಎಷ್ಟು ಎತ್ತರ, ಯಾರನ್ನು ಕೇಳಬೇಕು, ದುಡ್ಡು ಎಷ್ಟುಂಟು ಎಂಬ ಒಂದೂ ತೀರ್ಮಾನ ಅವರ ಕೈಯಲ್ಲಿ ಆಗಿರಲಿಲ್ಲ. ಇಪ್ಪತ್ತು ವರ್ಷದ ಯುವಕರನ್ನು ನಾನು ನಾಲ್ಕನೆಯ ಕ್ಲಾಸಿನ ಮಕ್ಕಳ ಹಾಗೆ ನಡೆಸಿದ್ದೆ. ಇದು ನನ್ನ ಮೊದಲ ತಪ್ಪು.

ಇದೇ ವಿಷಯದ ಮೇಲೆ ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದಲ್ಲಿ ಒಂದು ಪ್ರಯೋಗ ನಡೆದಿತ್ತು ಎಂದು ಆಮೇಲೆ ಓದಿದೆ. ಕರ್ಟ್ ಲೆವಿನ್, ರೊನಾಲ್ಡ್ ಲಿಪ್ಪಿಟ್, ರಾಲ್ಫ್ ವೈಟ್ ಎಂಬ ಮೂವರು 1939ರಲ್ಲಿ ಅದನ್ನು ಪ್ರಕಟಿಸಿದರು. ಹತ್ತು ವರ್ಷದ ಆಸುಪಾಸಿನ ಹುಡುಗರ ಸಣ್ಣ ಸಣ್ಣ ಕ್ಲಬ್ಬುಗಳು, ಒಂದೊಂದರಲ್ಲಿ ಐದೈದು ಮಂದಿ. ಮುಖವಾಡ ಮಾಡುವಂಥ ಕೈಕೆಲಸ. ಕ್ಲಬ್ಬಿಗೆ ದೊಡ್ಡವರೊಬ್ಬರು ನಾಯಕರು. ಒಂದು ಬಗೆಯ ನಾಯಕ ಎಲ್ಲವನ್ನೂ ತಾನೇ ಆಜ್ಞೆ ಮಾಡುವವನು, ಅದೂ ಒಂದೊಂದೇ ಹೆಜ್ಜೆ. ಮುಂದಿನ ಹೆಜ್ಜೆ ಏನೆಂದು ಹುಡುಗರಿಗೆ ಗೊತ್ತಿಲ್ಲ. ಇನ್ನೊಂದು ಬಗೆಯವನು ಹುಡುಗರನ್ನು ಕೂರಿಸಿ ಕೇಳಿ, ಚರ್ಚೆ ಮಾಡಿಸಿ, ಒಟ್ಟಿಗೆ ತೀರ್ಮಾನ ಮಾಡಿಸುವವನು. ಮೂರನೆಯವನು ಸುಮ್ಮನೆ ಕೂತು 'ನೀವು ಬೇಕಾದ ಹಾಗೆ ಮಾಡಿ' ಎಂದು ಬಿಟ್ಟುಬಿಡುವವನು.

ಏನಾಯಿತು? ಆಜ್ಞೆ ಮಾಡುವ ನಾಯಕ ಕೋಣೆಯಲ್ಲಿ ಇರುವಷ್ಟು ಹೊತ್ತು ಕೆಲಸ ಚೆನ್ನಾಗಿಯೇ ನಡೆಯಿತು. ಅವನು ಹೊರಗೆ ಹೋದದ್ದೇ ತಡ, ಕೆಲಸ ಬಿದ್ದುಹೋಯಿತು. ಕೂಡಿ ತೀರ್ಮಾನ ಮಾಡಿದ ಕ್ಲಬ್ಬಿನಲ್ಲಿ ನಾಯಕ ಇದ್ದರೂ ಇಲ್ಲದಿದ್ದರೂ ಕೆಲಸ ಹೆಚ್ಚು ಕಡಿಮೆ ಒಂದೇ ಹದದಲ್ಲಿ ನಡೆಯಿತು. ಸುಮ್ಮನೆ ಬಿಟ್ಟ ಕ್ಲಬ್ಬಿನಲ್ಲಿ ಕೆಲಸವೂ ಕಡಿಮೆ, ಹುಡುಗರಿಗೆ ತೃಪ್ತಿಯೂ ಕಡಿಮೆ. ಇದನ್ನು ಓದಿದಾಗ ನನ್ನ ತೋಡಿನ ದಡವೇ ಕಣ್ಣಿಗೆ ಬಂತು. ಆದರೆ ಓದಿದ್ದು ತಡವಾಗಿ. ಅಷ್ಟರೊಳಗೆ ನಾನು ಎರಡನೆಯ ತಪ್ಪನ್ನೂ ಮಾಡಿ ಮುಗಿಸಿದ್ದೆ.

ಅದು ಹೀಗೆ. ಹಿರಿಯರ ಮಾತು ಮನಸ್ಸಿಗೆ ನಾಟಿತ್ತಲ್ಲ, ಮುಂದಿನ ವರ್ಷ ನಾನು ಪೂರ್ತಿ ಬಿಟ್ಟುಬಿಟ್ಟೆ. ಹಳೆ ಹುಡುಗರಲ್ಲಿ ಕೆಲವರು ಮಂಗಳೂರು, ಬೆಂಗಳೂರು, ಮುಂಬಯಿ ಎಂದು ಹೋಗಿದ್ದರು. ಹೊಸದಾಗಿ ಸೇರಿದವರು ಹದಿನಾರು ಹದಿನೇಳರ ಮಕ್ಕಳು. ಅವರನ್ನು ಕರೆದು ಹಗ್ಗ, ಪುಸ್ತಕ, ದುಡ್ಡು ಎಲ್ಲ ಮೇಜಿನ ಮೇಲಿಟ್ಟು, "ಇನ್ನು ನಿಮ್ಮದು. ನಾನು ಬರುವುದಿಲ್ಲ" ಎಂದೆ. ದೊಡ್ಡ ತ್ಯಾಗ ಮಾಡಿದ ಹಾಗೆ ಎದ್ದು ಬಂದೆ.

ಮಕ್ಕಳು ಕಟ್ಟ ಕಟ್ಟಿದರು. ಆದರೆ ಬದಿಯ ದರೆಯನ್ನು ಕಡಿದು ಚೀಲದ ಸಾಲನ್ನು ದರೆಯೊಳಗೆ ಸೇರಿಸಬೇಕು ಎಂಬುದು ಅವರಿಗೆ ಗೊತ್ತಿರಲಿಲ್ಲ. ಹೆಚ್ಚಿನ ನೀರು ಹರಿದುಹೋಗಲು ಮೇಲೆ ದಾರಿ ಬಿಡಬೇಕು ಎಂಬುದೂ ಗೊತ್ತಿರಲಿಲ್ಲ. ಒಂಬತ್ತನೆಯ ದಿನ ನೀರು ಬದಿಯಿಂದ ಮಣ್ಣು ಕೊರೆದು, ಕಟ್ಟ ಅರ್ಧಕ್ಕರ್ಧ ಹೋಯಿತು. ಒಬ್ಬರ ತೋಟದ ಅಂಚೂ ಸ್ವಲ್ಪ ಕುಸಿಯಿತು. ಅವರು ಬಂದು ಬೈದರು. ಮಕ್ಕಳು ಒಬ್ಬರ ಮೇಲೊಬ್ಬರು ಹಾಕಿಕೊಂಡರು. ಚೀಲದ ಲೆಕ್ಕದಲ್ಲಿ ನಾನೂರು ರೂಪಾಯಿ ಕಡಿಮೆ ಬಂತು. ಲೆಕ್ಕ ಬರೆಯುವ ಹುಡುಗನ ಮೇಲೆ ಮಾತು ಬಂತು. ಅವನು ತೆಗೆದಿರಲಿಲ್ಲ. ಒಂದು ರಶೀದಿ ಅಂಗಡಿಯಲ್ಲೇ ಉಳಿದಿತ್ತು, ಅದು ಸಿಕ್ಕಿದ್ದು ಹದಿನೈದು ದಿನ ಕಳೆದ ಮೇಲೆ. ಅಷ್ಟರೊಳಗೆ ಅವನು ಮಂಡಲಕ್ಕೆ ಬರುವುದು ಬಿಟ್ಟಿದ್ದ. ನಾನು ರಶೀದಿ ಹಿಡಿದುಕೊಂಡು ಅವನ ಮನೆಗೆ ಹೋದೆ. ಅವನ ಅಮ್ಮ ನೀರು ಬೆಲ್ಲ ಕೊಟ್ಟು ಕೂರಿಸಿದರು. ಅವನು ಒಳಗಿಂದ ಹೊರಗೆ ಬರಲಿಲ್ಲ. ಹತ್ತನೆಯ ತರಗತಿಯಲ್ಲಿ ಗಣಿತಕ್ಕೆ ಶಾಲೆಗೇ ಮೊದಲು ಬಂದ ಹುಡುಗ. ಆಮೇಲೆ ಊರಿನ ಯಾವ ಸಂಘಕ್ಕೂ ಅವನು ಸೇರಲಿಲ್ಲ. ಇವತ್ತು ದೂರದ ಊರಲ್ಲಿ ಚೆನ್ನಾಗಿದ್ದಾನೆ ಎಂದು ಕೇಳಿದ್ದೇನೆ. ಆದರೆ ನಮ್ಮ ಸಂಘಕ್ಕೆ ಒಬ್ಬ ಒಳ್ಳೆಯ ಕಾರ್ಯದರ್ಶಿ ಹಾಗೆ ಕಳೆದುಹೋದ. ಲೆಕ್ಕ ಬರೆಯುವುದು ಹೇಗೆ, ರಶೀದಿ ಫೈಲು ಮಾಡುವುದು ಹೇಗೆ ಎಂದು ಹತ್ತಿರ ಕೂತು ಒಂದು ಸಂಜೆ ತೋರಿಸಿದ್ದರೆ ಸಾಕಿತ್ತು. ನಾನು ತೋರಿಸಲಿಲ್ಲ.

ಬಂಧುಗಳೇ, ಹಾಗಾದರೆ ಹಿಡಿದುಕೊಂಡರೂ ತಪ್ಪು, ಬಿಟ್ಟರೂ ತಪ್ಪು, ಸರಿ ಯಾವುದು?

ತಾರಸಿ ಹಾಕುವಾಗ ಸೆಂಟ್ರಿಂಗ್ ಹೊಡೆಯುವುದನ್ನು ನೀವೆಲ್ಲ ನೋಡಿದ್ದೀರಿ. ಕಾಂಕ್ರೀಟು ಹಸಿ ಇರುವಾಗಲೇ ಹಲಗೆ ತೆಗೆದರೆ ಮಾಡು ತಲೆ ಮೇಲೆ ಬೀಳುತ್ತದೆ. ಮೇಸ್ತ್ರಿ ದಿನ ಲೆಕ್ಕ ಹಾಕಿ, ತಟ್ಟಿ ನೋಡಿ, ಆಮೇಲೆ ತೆಗೆಯುತ್ತಾನೆ. ಹಾಗೆಂದು ಒಕ್ಕಲಾದ ಮೇಲೂ ಕಂಬ ನಿಲ್ಲಿಸಿಯೇ ಇಟ್ಟರೆ ಮನೆಯೊಳಗೆ ಓಡಾಡಲಿಕ್ಕೆ ಆಗುತ್ತದೆಯೇ? ನಾನು ಮೊದಲ ಸಲ ಸೆಂಟ್ರಿಂಗ್ ತೆಗೆಯಲೇ ಇಲ್ಲ, ಎರಡನೆಯ ಸಲ ಕಾಂಕ್ರೀಟು ಗಟ್ಟಿಯಾಗುವ ಮೊದಲೇ ತೆಗೆದೆ. ಗುಂಪು ಯಾವ ಹಂತದಲ್ಲಿದೆ ಎಂದು ನೋಡದೆ ಇದ್ದದ್ದು ಎರಡೂ ತಪ್ಪಿನ ಮೂಲ.

ಇದನ್ನು ವಿದ್ವಾಂಸರು ಹಂತ ಹಂತವಾಗಿ ವಿಂಗಡಿಸಿದ್ದಾರೆ. ಬ್ರೂಸ್ ಟಕ್‌ಮನ್ ಎಂಬವರು 1965ರಲ್ಲಿ ಯಾವ ಗುಂಪೂ ನಾಲ್ಕು ಘಟ್ಟ ದಾಟುತ್ತದೆ ಎಂದರು: ಕೂಡುವುದು, ಜಗಳಾಡುವುದು, ಕಟ್ಟಳೆಗೆ ಬರುವುದು, ಕೆಲಸ ಮಾಡುವುದು. 1977ರಲ್ಲಿ ಬಿಡುಗಡೆಯಾಗುವುದು ಎಂಬ ಐದನೆಯ ಘಟ್ಟವನ್ನೂ ಸೇರಿಸಿದರು. ಪಾಲ್ ಹರ್ಸಿ ಮತ್ತು ಕೆನೆತ್ ಬ್ಲಾಂಚಾರ್ಡ್ ಎಂಬ ಇಬ್ಬರು 1969ರಲ್ಲಿ, ನಾಯಕನಾದವನು ಒಂದೇ ರೀತಿಗೆ ಜೋತುಬೀಳದೆ ಜನರ ತಯಾರಿ ನೋಡಿ ತನ್ನ ರೀತಿ ಬದಲಾಯಿಸಬೇಕು ಎಂದರು. ಇದೆಲ್ಲ ವೇದವಾಕ್ಯವೇನಲ್ಲ. 1987ರಲ್ಲಿ ಅಮೆರಿಕದ ಪ್ರೌಢಶಾಲೆಗಳ ಶಿಕ್ಷಕರನ್ನು ಇಟ್ಟುಕೊಂಡು ಇದನ್ನು ಪರೀಕ್ಷಿಸಿದಾಗ, ಹೊಸದಾಗಿ ಸೇರಿದವರ ವಿಷಯದಲ್ಲಿ ಮಾತ್ರ ಇದು ಚೆನ್ನಾಗಿ ಹೊಂದಿತು. ಹೊಸಬರಿಗೆ ಸ್ಪಷ್ಟವಾಗಿ ಹೇಳಿಕೊಡುವವರು ಬೇಕು ಎಂಬುದು ಗಟ್ಟಿಯಾಯಿತು. ಉಳಿದದ್ದನ್ನು ನಾನು ನಮ್ಮ ತೋಡಿನ ಅನುಭವದಲ್ಲಿ ತೂಗಿ ನೋಡಿ ಹೇಳುತ್ತೇನೆ.

ಮೊದಲನೆಯ ಹಂತ: ಹೊಸಬರು. ಉತ್ಸಾಹ ಬೇಕಾದಷ್ಟು ಇರುತ್ತದೆ, ಕೆಲಸ ಗೊತ್ತಿರುವುದಿಲ್ಲ. ಇಲ್ಲಿ 'ನಿಮಗೆ ಹೇಗೆ ಬೇಕೋ ಹಾಗೆ ಮಾಡಿ' ಎನ್ನುವುದು ಔದಾರ್ಯವಲ್ಲ. ಹೇಳಿಕೊಡಬೇಕು, ಮಾಡಿ ತೋರಿಸಬೇಕು. ಒಂದು ಚೀಲ ನಾನು ಕಟ್ಟಿ ಇಡುತ್ತೇನೆ, ನೀನು ನೋಡು. ಎರಡನೆಯದು ನೀನು ಕಟ್ಟು, ನಾನು ನೋಡುತ್ತೇನೆ. ಸಣ್ಣ ಕೆಲಸ, ಬೇಗ ಮುಗಿಯುವ ಕೆಲಸ ಕೊಡಬೇಕು. ಸಂಜೆಯೊಳಗೆ ಏನಾದರೂ ಒಂದು ನಿಂತದ್ದನ್ನು ಅವರು ಕಣ್ಣಾರೆ ನೋಡಬೇಕು. ನನ್ನ ಮೊದಲ ವರ್ಷದ ಆಜ್ಞೆ ಆ ವರ್ಷದ ಮಟ್ಟಿಗೆ ಸರಿಯೇ ಇತ್ತು. ಅದನ್ನು ನಾಲ್ಕು ವರ್ಷ ಎಳೆದದ್ದು ತಪ್ಪು.

ಎರಡನೆಯ ಹಂತ: ಅರ್ಧ ಕಲಿತವರು. ಇದು ಕಷ್ಟದ ಕಾಲ. ಮೊದಲಿನ ಹುಮ್ಮಸ್ಸು ಇಳಿದಿರುತ್ತದೆ, ಕೈ ಇನ್ನೂ ಪಳಗಿರುವುದಿಲ್ಲ. 'ಯಾಕೆ ಹೀಗೆ?' 'ನಾನು ಹೇಳಿದ್ದೇ ಸರಿ' ಎಂಬ ಜಗಳ ಶುರುವಾಗುತ್ತದೆ. ನಾವು ಹಿರಿಯರು ಈ ಜಗಳಕ್ಕೆ ಹೆದರಿ ಬಾಯಿ ಮುಚ್ಚಿಸುತ್ತೇವೆ. ಮುಚ್ಚಿಸಬಾರದು. ಪ್ರಶ್ನೆ ಕೇಳುತ್ತಾರೆ ಎಂದರೆ ಕೆಲಸ ತಮ್ಮದು ಎಂದು ಅನ್ನಿಸಲು ಶುರುವಾಗಿದೆ ಎಂದರ್ಥ. ಇಲ್ಲಿ ನಾಯಕ ಹೇಳುವುದನ್ನು ಬಿಡಬಾರದು, ಜೊತೆಗೆ ಕಾರಣವನ್ನೂ ಹೇಳಬೇಕು. ದರೆ ಕಡಿಯಬೇಕು ಎಂದರೆ ಸಾಲದು. ಹೋದ ವರ್ಷ ಕಡಿಯದೆ ಇದ್ದದ್ದಕ್ಕೆ ನೀರು ಎಲ್ಲಿ ನುಗ್ಗಿತು ಎಂದು ಕರೆದುಕೊಂಡು ಹೋಗಿ ತೋರಿಸಬೇಕು. ಜಗಳವನ್ನು ಮಾತ್ರ ಕೆಲಸದ ಮೇಲೆ ಇಡಬೇಕು, ಆಳಿನ ಮೇಲೆ ಹೋಗಗೊಡಬಾರದು. ನಾನೂರು ರೂಪಾಯಿಯ ದಿನ ಆ ಸಭೆಯಲ್ಲಿ ನಾನಿದ್ದು 'ಮೊದಲು ರಶೀದಿ ಹುಡುಕೋಣ, ಆಮೇಲೆ ಮಾತಾಡೋಣ' ಎಂದಿದ್ದರೆ ಒಬ್ಬ ಹುಡುಗ ಉಳಿಯುತ್ತಿದ್ದ.

ಮೂರನೆಯ ಹಂತ: ಕೆಲಸ ಬರುತ್ತದೆ, ಧೈರ್ಯ ಸಾಲದು. ಪ್ರತಿಯೊಂದಕ್ಕೂ 'ಮಾಷ್ಟ್ರೆ, ಇದು ಸರಿಯಾ?' ಎಂದು ಬರುತ್ತಾರೆ. ಇಲ್ಲಿ ಉತ್ತರ ಹೇಳುವ ಚಪಲವನ್ನು ನಾಯಕ ತಡೆದುಕೊಳ್ಳಬೇಕು. 'ನಿನಗೆ ಏನು ಕಾಣುತ್ತದೆ?' ಎಂದು ತಿರುಗಿ ಕೇಳಬೇಕು. ಅವನು ಹೇಳಿದ್ದು ನಮ್ಮ ಮನಸ್ಸಿನಲ್ಲಿದ್ದುದಕ್ಕಿಂತ ಸ್ವಲ್ಪ ಬೇರೆಯಾಗಿದ್ದರೂ, ಅಪಾಯ ಇಲ್ಲದಿದ್ದರೆ ಹಾಗೆಯೇ ನಡೆಯಲಿ. ಈ ಹಂತದಲ್ಲಿ ಹಳಬರಿಂದ ಹೊಸಬರಿಗೆ ಪಾಠ ಹೇಳಿಸಬೇಕು. ಇನ್ನೊಬ್ಬರಿಗೆ ಹೇಳಿಕೊಡುವಾಗಲೇ ತನಗೆ ಎಷ್ಟು ಗೊತ್ತು, ಎಷ್ಟು ಗೊತ್ತಿಲ್ಲ ಎಂದು ತಿಳಿಯುವುದು. ಶಾಲೆಯಲ್ಲಿ ಮೂವತ್ತು ವರ್ಷ ನಿಂತು ಪಾಠ ಮಾಡಿದ ನನ್ನ ಅನುಭವದ ಮಾತು ಇದು.

ನಾಲ್ಕನೆಯ ಹಂತ: ಕೆಲಸವೂ ಬರುತ್ತದೆ, ಧೈರ್ಯವೂ ಉಂಟು. ಇಲ್ಲಿ ಹಗ್ಗ, ಪುಸ್ತಕ, ದುಡ್ಡು ಎಲ್ಲ ಕೊಡಬೇಕು. ಕೊಟ್ಟ ಮೇಲೆ ಮೂಗು ತೂರಿಸಬಾರದು. ಆದರೆ ಕೊಡುವುದು ಬೇರೆ, ಮರೆಯುವುದು ಬೇರೆ. ಕೇಳಿದಾಗ ಸಿಗುವಷ್ಟು ದೂರದಲ್ಲಿ ಇರಬೇಕು. ತಿಂಗಳಿಗೊಮ್ಮೆ ಲೆಕ್ಕ ನೋಡಬೇಕು. ಅದು ಅಪನಂಬಿಕೆಯಿಂದಲ್ಲ; ಲೆಕ್ಕ ಬರೆದವನಿಗೆ ಅದೇ ರಕ್ಷಣೆ.

ಇಲ್ಲಿ ಎರಡು ಎಚ್ಚರಿಕೆ ಹೇಳಬೇಕು. ಒಂದು, ಹಂತ ಎಂಬುದು ಆಳಿನ ಹಣೆಯಲ್ಲಿ ಬರೆದದ್ದಲ್ಲ, ಕೆಲಸದ ಮೇಲೆ ಹೋಗುತ್ತದೆ. ಕಬಡ್ಡಿ ಅಂಗಳದಲ್ಲಿ ನಾಲ್ಕನೆಯ ಹಂತದ ನಾಯಕ, ಬ್ಯಾಂಕಿನ ಚಲನ್ ತುಂಬಿಸುವಾಗ ಮೊದಲನೆಯ ಹಂತದ ಹೊಸಬ. 'ಇಷ್ಟು ದೊಡ್ಡ ಹುಡುಗ, ಇದೂ ಗೊತ್ತಿಲ್ಲವಾ' ಎಂದು ನಗಬಾರದು. ಎರಡು, ಗುಂಪು ಮುಂದೆ ಹೋದ ಹಾಗೆ ಹಿಂದೆಯೂ ಬರುತ್ತದೆ. ಪಿಯುಸಿ ಮುಗಿಸಿ ನಾಲ್ವರು ಪೇಟೆಗೆ ಹೋದರೆ, ಐವರು ಹೊಸಬರು ಬಂದರೆ, ಮಂಡಲ ಮತ್ತೆ ಮೊದಲನೆಯ ಹಂತಕ್ಕೆ ಬಂತೆಂದೇ ಲೆಕ್ಕ. ನಮ್ಮ ಊರುಗಳಲ್ಲಿ ಇದು ಪ್ರತಿ ವರ್ಷದ ಕಥೆ. ನನ್ನ ಎರಡನೆಯ ತಪ್ಪಿನ ಮೂಲವೂ ಇದೇ: ಹಳೆ ಹುಡುಗರ ಮೇಲಿನ ನಂಬಿಕೆಯನ್ನು ಹೊಸ ಹುಡುಗರ ತಲೆಯ ಮೇಲೆ ಇಟ್ಟೆ.

ಯುವತಿ ಮಂಡಲದ ವಿಷಯದಲ್ಲೂ ಒಂದು ಮಾತು. ನಮ್ಮ ಜಂಟಿ ಸಭೆಗೆ ಹೆಣ್ಣುಮಕ್ಕಳು ಬರುವುದಿಲ್ಲ, ಬಂದರೂ ಮಾತಾಡುವುದಿಲ್ಲ ಎಂದು ಬಹಳ ವರ್ಷ ದೂರುತ್ತಿದ್ದೆವು. ಒಬ್ಬಳು ತಂಗಿ ಎದ್ದು ನಿಂತು, "ನೀವು ಸಭೆ ಇಡುವುದು ರಾತ್ರಿ ಏಳೂವರೆಗೆ. ಆ ಹೊತ್ತಿಗೆ ದನ ಕರೆದು, ಅಡಿಗೆ ಮಾಡಿ, ಕತ್ತಲೆಯಲ್ಲಿ ನಾವು ಬರುವುದು ಹೇಗೆ?" ಎಂದು ಕೇಳಿದಳು. ಸಭೆ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಬದಲಾಯಿತು. ಹದಿನೆಂಟು ಮಂದಿ ಬಂದರು. ಅವರಲ್ಲಿ ಧೈರ್ಯ ಕಡಿಮೆ ಎಂದು ನಾವು ಅಂದುಕೊಂಡಿದ್ದೆವು. ಕಡಿಮೆ ಇದ್ದದ್ದು ನಮ್ಮ ಗಡಿಯಾರದ ತಿಳುವಳಿಕೆ. ಗುಂಪಿನ ಹಂತ ಅಳೆಯುವ ಮೊದಲು ಬಾಗಿಲು ಎಲ್ಲರಿಗೂ ತೆರೆದಿದೆಯೇ ಎಂದು ನೋಡಬೇಕು.

ಜವಾಬ್ದಾರಿ ಹಂಚುವುದಕ್ಕೆ ಒಂದು ಒಳ್ಳೆಯ ದಾರಿ ಸ್ಕೌಟಿನಲ್ಲಿದೆ. ಬೇಡನ್ ಪೊವೆಲ್ ಅವರು 1907ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಶಿಬಿರ ಮಾಡಿದಾಗ ಹುಡುಗರನ್ನು ನಾಲ್ಕು ದಳ ಮಾಡಿದರು. ಪ್ರತಿ ದಳಕ್ಕೆ ಹುಡುಗರಲ್ಲೇ ಒಬ್ಬ ನಾಯಕ. ಶ್ರೀಮಂತರ ಶಾಲೆಯವರನ್ನೂ ಕೂಲಿ ಕೆಲಸದವರ ಮಕ್ಕಳನ್ನೂ ಬೆರೆಸಿದ್ದರು. ಐದಾರು ಜನರ ಮೇಲೆ ಜವಾಬ್ದಾರಿ ಇದ್ದರೆ ಹದಿನೈದು ವರ್ಷದವನೂ ಹೊರಬಲ್ಲ. ನಲವತ್ತು ಜನರ ಮಂಡಲವನ್ನು ಒಬ್ಬ ಅಧ್ಯಕ್ಷನ ತಲೆಗೆ ಕಟ್ಟಿದರೆ ಅವನು ಒಂದೋ ಸರ್ವಾಧಿಕಾರಿ ಆಗುತ್ತಾನೆ, ಇಲ್ಲದಿದ್ದರೆ ಓಡಿಹೋಗುತ್ತಾನೆ. ನಾವೂ ಆಮೇಲೆ ಕಟ್ಟದ ಕೆಲಸವನ್ನು ಮೂರು ದಳ ಮಾಡಿದೆವು: ಸಾಮಾನು ತರುವವರು, ಕಟ್ಟುವವರು, ಊಟ ಮತ್ತು ಲೆಕ್ಕದವರು. ಪ್ರತಿ ವರ್ಷ ದಳ ಬದಲಾಗುತ್ತದೆ. ಮೂರು ವರ್ಷದಲ್ಲಿ ಒಬ್ಬನಿಗೆ ಮೂರೂ ಕೆಲಸ ಬರುತ್ತದೆ.

ಇನ್ನು ನಮ್ಮ ಸಂಘದ ವಿಷಯಕ್ಕೆ ಬರುತ್ತೇನೆ. ಸಹಕಾರ ಚಳವಳಿಗೂ ಯುವಕರಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. 1904ರಲ್ಲಿ ಸಹಕಾರಿ ಕಾಯಿದೆ ಬಂತು. ಮರುವರ್ಷವೇ, 1905ರಲ್ಲಿ, ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು. ನಮ್ಮ ಜಿಲ್ಲೆಯಲ್ಲಿ ಪುತ್ತೂರಿನ ವಕೀಲರಾದ ಮೊಳಹಳ್ಳಿ ಶಿವರಾಯರು 1909ರಲ್ಲಿ ಸಹಕಾರಿ ಸಂಘಕ್ಕೆ ಕೈ ಹಾಕಿದಾಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಅವರ ಫೋಟೋ ನೋಡಿದರೆ ನಮಗೆ ಅಜ್ಜನ ಹಾಗೆ ಕಾಣುತ್ತಾರೆ. ಕೆಲಸ ಶುರು ಮಾಡಿದ್ದು ಮಾತ್ರ ಯುವಕರಾಗಿದ್ದಾಗ. ಅಡಿಕೆ ಬೆಳೆಗಾರರ ಕಷ್ಟಕಾಲದಲ್ಲಿ 1973ರಲ್ಲಿ ಕ್ಯಾಂಪ್ಕೊ ಹುಟ್ಟಿದ್ದೂ ಇಂಥ ಮಣ್ಣಿನಲ್ಲೇ.

ಇಂಗ್ಲೆಂಡಿನ ರಾಕ್‌ಡೇಲಿನಲ್ಲಿ 1844ರಲ್ಲಿ ನೇಕಾರರು ಮೊದಲಾದ ಬಡವರು ಸೇರಿ ಅಂಗಡಿ ತೆರೆದರಲ್ಲ, ಅವರು ಸ್ವಲ್ಪ ವರ್ಷದ ಮೇಲೆ ಉಳಿತಾಯದ ನೂರಕ್ಕೆ ಎರಡೂವರೆ ಪಾಲನ್ನು ಶಿಕ್ಷಣಕ್ಕೆಂದೇ ತೆಗೆದಿಟ್ಟರು. ಅಂತರರಾಷ್ಟ್ರೀಯ ಸಹಕಾರಿ ಒಕ್ಕೂಟ 1995ರಲ್ಲಿ ಒಪ್ಪಿದ ಏಳು ತತ್ವಗಳಲ್ಲಿ ಐದನೆಯದು ಶಿಕ್ಷಣ ಮತ್ತು ತರಬೇತಿ. ಅದರಲ್ಲಿ ಯುವಜನರಿಗೆ ಸಹಕಾರದ ಬಗ್ಗೆ ತಿಳಿಸಬೇಕು ಎಂದು ಎತ್ತಿ ಹೇಳಿದೆ. ತತ್ವ ಗೋಡೆಯ ಮೇಲೆ ಬರೆದರೆ ಸಾಲದು.

ಆದ್ದರಿಂದ ನಿರ್ದೇಶಕ ಮಂಡಳಿಯ ಮುಂದೆ ನಾಲ್ಕು ಸಲಹೆ ಇಡುತ್ತೇನೆ, ಹಂತಕ್ಕೆ ಒಂದರಂತೆ.

ಮೊದಲ ವರ್ಷ, ಸದಸ್ಯರ ಮನೆಯ ಮಕ್ಕಳನ್ನು ನಾಲ್ಕೈದು ಜನರ ತಂಡ ಮಾಡಿ ಒಂದು ವಾರ ಬೆಳಿಗ್ಗೆ ಸಂಘಕ್ಕೆ ಕರೆಸಿ. ಹಾಲು ಅಳೆಯುವುದು, ಸ್ಯಾಂಪಲ್ ತೆಗೆಯುವುದು, ಫ್ಯಾಟ್ ನೋಡುವುದು, ಎಸ್‌.ಎನ್‌.ಎಫ್‌. ಎಂದರೇನು, ಅದರ ಮೇಲೆ ದರ ಹೇಗೆ ಬರುತ್ತದೆ ಎಂದು ಕೈ ಹಿಡಿದು ತೋರಿಸಿ. ತಮ್ಮ ಮನೆಯ ಹಾಲಿನ ಪಾಸ್‌ಬುಕ್ಕು ಓದಲು ಬಾರದ ಪದವೀಧರರು ನಮ್ಮಲ್ಲಿ ಇದ್ದಾರೆ.

ಎರಡನೆಯ ವರ್ಷ, ಮಹಾಸಭೆಗೆ ಒಂದು ವಾರ ಮೊದಲು ಯುವಕರಿಗೆಂದೇ ಒಂದು ಕೂಟ ಇಡಿ. ಜಮಾ ಖರ್ಚು, ಆಸ್ತಿ ಜವಾಬ್ದಾರಿ ಪಟ್ಟಿಯನ್ನು ಬಿಡಿಸಿ ಓದಿಸಿ. ಅವರು ಪ್ರಶ್ನೆ ಕೇಳಲಿ, ಖಾರವಾಗಿಯೇ ಕೇಳಲಿ. ಮಹಾಸಭೆಯಲ್ಲಿ 'ನೀನು ನಿನ್ನೆ ಮೊನ್ನೆ ಬಂದವ, ಕೂತುಕೋ' ಎಂದು ಯಾರೂ ಹೇಳಬಾರದು. ಆ ಒಂದು ಮಾತಿಗೆ ಹತ್ತು ವರ್ಷ ಬಾರದೆ ಇರುವವರಿದ್ದಾರೆ.

ಮೂರನೆಯ ವರ್ಷ, ಜಾನುವಾರು ಲಸಿಕೆ ಶಿಬಿರ, ಹಸಿರು ಮೇವಿನ ಬೀಜ ಹಂಚುವುದು ಇಂಥ ಒಂದು ಪೂರ್ಣ ಕಾರ್ಯಕ್ರಮವನ್ನು ಅವರಿಂದ ಯೋಜಿಸಿ. ನಿರ್ದೇಶಕರೊಬ್ಬರು ಹತ್ತಿರ ಇರಲಿ, ಮೈಕು ಮಾತ್ರ ಅವರ ಕೈಯಲ್ಲಿರಲಿ.

ನಾಲ್ಕನೆಯದು ದೊಡ್ಡದು. ಮುಂದಿನ ಚುನಾವಣೆಗೆ ನಿಲ್ಲುವ ಮೊದಲು ನಮ್ಮಲ್ಲಿ ಹಳಬರು ತಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಲಿ: ನಾನು ಬಿಟ್ಟರೆ ಈ ಕೆಲಸ ಮಾಡಬಲ್ಲವನನ್ನು ನಾನು ತಯಾರು ಮಾಡಿದ್ದೇನೆಯೇ? ಮಾಡಿದ್ದರೆ ಅವನನ್ನು ನಿಲ್ಲಿಸಿ. ಮಾಡದಿದ್ದರೆ ಈ ಐದು ವರ್ಷದ ನಿಮ್ಮ ಮೊದಲ ಕೆಲಸ ಅದೇ.

ಹುಡುಗರಿಗೂ ಒಂದು ಮಾತು. ಆಳಾಗಬಲ್ಲವನು ಅರಸಾಗಬಲ್ಲ ಎಂಬ ಗಾದೆ ಕೇಳಿದ್ದೀರಿ. ಚೀಲ ಹೊರದೆ ಹಗ್ಗ ಹಿಡಿಯಲು ಬರಬೇಡಿ. ಹಾಗೆಯೇ, ಚೀಲ ಹೊತ್ತ ಮೇಲೆ ಹಗ್ಗ ಕೇಳಲು ಸಂಕೋಚ ಪಡಬೇಡಿ. ನಮಗೆ ಹಿರಿಯರಿಗೆ ಕೆಲವೊಮ್ಮೆ ಮರೆತುಹೋಗುತ್ತದೆ. ನೆನಪು ಮಾಡುವುದು ನಿಮ್ಮ ಕೆಲಸ.

ಕೊನೆಯದಾಗಿ, ಕಟ್ಟ ಏನಾಯಿತು ಎಂದು ಹೇಳಿ ಮುಗಿಸುತ್ತೇನೆ. ಆ ಒಡೆದ ವರ್ಷದ ಮರುವರ್ಷ ಕಟ್ಟ ಹಾಕಲಿಲ್ಲ. ಯಾರಿಗೂ ಮನಸ್ಸಿರಲಿಲ್ಲ. ಅದರ ಮುಂದಿನ ವರ್ಷ ಉಳಿದ ಆರು ಹುಡುಗರ ಜೊತೆ ನಾನು ಮತ್ತೆ ಚೀಲಕ್ಕೆ ಮಣ್ಣು ತುಂಬಿಸುವುದರಿಂದ ಶುರು ಮಾಡಿದೆ. ಈ ಸಲ ಪ್ರತಿ ವರ್ಷ ಒಂದೊಂದೇ ಕೆಲಸ ಕೈಯಿಂದ ಬಿಟ್ಟೆ. ಮೊದಲು ಹಗ್ಗ, ಆಮೇಲೆ ಅಂಗಡಿಯ ಮಾತುಕತೆ, ಕೊನೆಗೆ ಪುಸ್ತಕ. ಐದು ವರ್ಷ ಹಿಡಿಯಿತು.

ಕಳೆದ ಡಿಸೆಂಬರಿನಲ್ಲಿ ಕಟ್ಟ ಹಾಕುವ ದಿನ ನಡೆದುಕೊಂಡು ತೋಡಿನ ಹತ್ತಿರ ಹೋದೆ. ಇಪ್ಪತ್ತಾರು ಜನ ಇದ್ದರು, ಅವರಲ್ಲಿ ಒಂಬತ್ತು ಹೆಣ್ಣುಮಕ್ಕಳು. ಅರ್ಧ ಜನರ ಹೆಸರು ನನಗೆ ಗೊತ್ತಿಲ್ಲ. ಒಬ್ಬಳು ಹುಡುಗಿ ಹಗ್ಗ ಹಿಡಿದು ಅಳತೆ ಹೇಳುತ್ತಿದ್ದಳು. ಬದಿಯ ದರೆಯನ್ನು ನಾನು ಹೇಳಿಕೊಟ್ಟದ್ದಕ್ಕಿಂತ ಒಂದು ಮೊಳ ಹೆಚ್ಚು ಒಳಗೆ ಕಡಿದಿದ್ದರು. ಯಾಕೆಂದು ಕೇಳಲು ಸ್ವಲ್ಪ ಹತ್ತಿರ ಹೋದೆ. ಅವಳು ತಲೆ ಎತ್ತಿ, "ಅಜ್ಜ, ಸ್ವಲ್ಪ ಆಚೆ ನಿಲ್ಲಿ, ಅಲ್ಲಿ ಕೆಸರುಂಟು" ಎಂದಳು. ನಾನು ಆಚೆ ನಿಂತೆ.

 ನಮ್ಮ ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ, ಅದನ್ನು ನಡೆಸುವವರು ಇವತ್ತು ಹಿಂದೆ ನಿಂತಿರುವ ಈ ಮಕ್ಕಳೇ ಆಗಲಿ ಎಂದು ಹಾರೈಸಿ ನನ್ನ ಮಾತನ್ನು ಮುಗಿಸುತ್ತೇನೆ.